ಲ್ಯಾಮಿನೇಟ್ ನೆಲದ ಕೆಳಗೆ ಯಾವ ಫೋಮ್ ಹಾಸಬೇಕು? ಅಮ್ಮನ ಕೋಣೆಗೆ ಸಲಹೆ ಬೇಕು

ಬೆಟ್ಟದ ಮನೆ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ಕೆಳಗೆ, ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿದು ಸಮ ಮಾಡಿದ ಜಾಗದಲ್ಲಿದೆ. ತಂದೆಯವರು 1974ರಲ್ಲಿ ಕಟ್ಟಿಸಿದ್ದು. ಕೆಳಗಿನ ಕೋಣೆಗಳಿಗೆಲ್ಲ ಕೆಂಪು ಗಾರೆಯ ನೆಲ. ಅಮ್ಮನಿಗೆ ಈಗ 78 ವರ್ಷ. ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಲಾರರು, ಹಾಗಾಗಿ ಕೆಳಗಿನ ಹಿಂದಿನ ಕೋಣೆಯಲ್ಲೇ ಅವರ ವಾಸ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಬೆಳಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ನೆಲ ಕೊರೆಯುತ್ತದೆ. ಕೆಲವು ದಿನ ನೆಲವೇ ಬೆವರಿ ಒದ್ದೆಯಾಗಿರುತ್ತದೆ. ಹೋದ ವಾರ ಜಾರಿ ಗೋಡೆ ಹಿಡಿದು ನಿಂತರು. ಆ ದಿನದಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಎಂಟು ಮಿಲಿಮೀಟರ್ ಲ್ಯಾಮಿನೇಟ್ ಹಾಕಿಸೋಣವೆಂದು ಮೈಸೂರಿಗೆ ಹೋಗಿ ಮೂರು ಅಂಗಡಿ ಸುತ್ತಿದೆ. ಹಲಗೆಯ ಬಣ್ಣ ಹತ್ತೇ ನಿಮಿಷದಲ್ಲಿ ಆಯ್ಕೆಯಾಯಿತು. ಅದರ ಕೆಳಗೆ ಹಾಸುವುದನ್ನು ಆರಿಸುವುದೇ ತಲೆನೋವು. ಒಬ್ಬರು 2 ಮಿ.ಮೀ. ಬಿಳಿ ಫೋಮ್ ಸಾಕು ಎಂದರು. ಇನ್ನೊಬ್ಬರು ಒಂದು ಬದಿಗೆ ಬೆಳ್ಳಿ ಹಾಳೆ ಅಂಟಿಸಿದ 3 ಮಿ.ಮೀ. ಫೋಮ್ ತೋರಿಸಿದರು. ಮೂರನೆಯವರು 5 ಮಿ.ಮೀ. ದಪ್ಪದ, ಮರದ ನಾರಿನಿಂದ ಮಾಡಿದ ಹಸಿರು ಹಲಗೆ ಕೊಟ್ಟು, "ದಪ್ಪ ಹೆಚ್ಚಿದ್ದಷ್ಟೂ ಬೆಚ್ಚಗೆ, ನಡೆಯಲೂ ಮೆತ್ತಗೆ" ಎಂದರು. ಕೋಣೆ 12 ಅಡಿಗೆ 14 ಅಡಿ. ಬಲ್ಲವರು ತಿಳಿಸಿ.


ಹಲಗೆ ಕೆಲಸ (ಬೆಂಗಳೂರು)

ಸರ್, ನಾನು ಹದಿನಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೂರನೆಯ ಅಂಗಡಿಯವರ ಮಾತನ್ನು ದಯವಿಟ್ಟು ಕೇಳಬೇಡಿ. ದಪ್ಪ ಫೋಮ್ ಹಾಕಿಸಿಕೊಂಡು ಹಾಳಾದ ನೆಲಗಳನ್ನು ಕಿತ್ತು ಮತ್ತೆ ಹಾಕುವುದರಲ್ಲೇ ನನ್ನ ವರ್ಷದ ಎಷ್ಟೋ ದಿನಗಳು ಕಳೆಯುತ್ತವೆ.

ಲ್ಯಾಮಿನೇಟ್ ಹಲಗೆಯನ್ನು ನೆಲಕ್ಕೆ ಅಂಟಿಸುವುದಿಲ್ಲ, ಮೊಳೆಯನ್ನೂ ಹೊಡೆಯುವುದಿಲ್ಲ. ಒಂದರ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂತು ಇಡೀ ಕೋಣೆಯ ನೆಲ ಒಂದೇ ಚಾಪೆಯ ಹಾಗೆ ಬಿಡಿಯಾಗಿ ಬಿದ್ದಿರುತ್ತದೆ. ಆ ನಾಲಿಗೆ ಒತ್ತಿ ಮಾಡಿದ ಮರದ ಪುಡಿಯದ್ದು, ದಪ್ಪ ಎರಡು ಮೂರು ಮಿಲಿಮೀಟರ್ ಅಷ್ಟೇ. ಕೆಳಗೆ ಮೆತ್ತನೆಯ ಹಾಸು ಇದ್ದರೆ ಕಾಲಿಟ್ಟಾಗಲೆಲ್ಲ ಆ ಸೇರುವೆ ಬಾಗುತ್ತದೆ, ಎತ್ತಿದಾಗ ಮೇಲೇಳುತ್ತದೆ. ದಿನಕ್ಕೆ ನೂರಾರು ಸಲ. ವರ್ಷ ಕಳೆಯುವಷ್ಟರಲ್ಲಿ ನಾಲಿಗೆ ಮುರಿಯುತ್ತದೆ, ಸಂದು ಬಿಡುತ್ತದೆ, ಆ ಸಂದಿನಲ್ಲಿ ನೆಲ ಒರೆಸಿದ ನೀರು ಇಳಿಯುತ್ತದೆ. ಮಂಚದ ಕಾಲು, ಕಬ್ಬಿಣದ ಬೀರು ಇರುವ ಕಡೆಯಂತೂ ಬೇಗ ಮುರಿಯುತ್ತದೆ.

ಅಂಗಡಿಯಲ್ಲಿ ತುಂಡನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಒತ್ತಿದ ಗುಂಡಿ ಹಾಗೇ ಉಳಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಕಡಿಮೆ ದರದ ಬಿಳಿ ಫೋಮ್‌ಗಳಲ್ಲಿ ಹೆಚ್ಚಿನವು ಹೀಗೆಯೇ. ಟಿವಿ ಪೆಟ್ಟಿಗೆಯೊಳಗೆ ಸುತ್ತಿ ಕಳಿಸುವ ಫೋಮಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಎರಡು ಪದರ ಹಾಸುವುದು ಇನ್ನೂ ದೊಡ್ಡ ತಪ್ಪು. ಹಲಗೆಗೇ ಪ್ಯಾಡ್ ಅಂಟಿಸಿ ಬಂದಿದ್ದರೆ ಅದರ ಕೆಳಗೆ ಮತ್ತೆ ಫೋಮ್ ಹಾಕಲೇಬಾರದು.

ಆದರೆ ನಿಮ್ಮ ವಿಷಯದಲ್ಲಿ ನನಗೆ ಫೋಮಿಗಿಂತ ದೊಡ್ಡ ಚಿಂತೆ ಬೇರೆ ಇದೆ. ನೆಲ ಬೆವರುತ್ತದೆ ಎಂದಿರಿ. ಕೆಳಗಿನಿಂದ ತೇವ ಬರುತ್ತಿದ್ದರೆ ನಾನು ಆ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ.


ಕಡಲ ತಡಿ (ಮಂಗಳೂರು)

ಹಲಗೆ ಕೆಲಸದವರು ಹೇಳಿದ್ದು ಅಕ್ಷರಶಃ ನಿಜ. ನಮ್ಮದು ನೆಲಮಹಡಿಯ ಹಳೆಯ ಮನೆ. ಮಗಳ ಮದುವೆಗೆಂದು ಫೆಬ್ರವರಿಯಲ್ಲಿ ಹಾಲ್‌ಗೆ ಲ್ಯಾಮಿನೇಟ್ ಹಾಕಿಸಿದೆವು. ಫೋಮ್ ಹಾಸಿದರೆ ತೇವ ಮೇಲೆ ಬರುವುದೇ ಇಲ್ಲ, ಬೇರೆ ಪ್ಲಾಸ್ಟಿಕ್ ಬೇಡ ಎಂದು ಅಂಗಡಿಯವರು ಧೈರ್ಯ ಹೇಳಿದ್ದರು. ಮದುವೆಯ ದಿನ ನೆಲ ಕನ್ನಡಿಯ ಹಾಗಿತ್ತು. ಮಳೆಗಾಲದ ಆಟಿ ತಿಂಗಳು ಬರುವಷ್ಟರಲ್ಲಿ ಹಲಗೆಯ ಅಂಚುಗಳು ಹಪ್ಪಳದ ಹಾಗೆ ಮೇಲೆದ್ದವು. ಕಿತ್ತು ನೋಡಿದರೆ ಫೋಮಿನ ಎರಡು ಪಟ್ಟಿಗಳು ಸೇರುವಲ್ಲೆಲ್ಲ ಉದ್ದಕ್ಕೆ ಕಪ್ಪು ಬೂಷ್ಟು. ಪಟ್ಟಿಗಳ ಮಧ್ಯಕ್ಕೆ ಟೇಪ್ ಹಾಕಿರಲಿಲ್ಲ. ಫೋಮಿನೊಳಗಿನಿಂದ ನೀರು ಬಂದಿರಲಿಲ್ಲ, ಅದರ ಸಂದಿಯಿಂದ ಬಂದಿತ್ತು.

ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ನಿಮ್ಮ ತಾಯಿಯವರು ಮಲಗುವ ಕೋಣೆ ಅದು. ಬೂಷ್ಟು ಬಂದರೆ ಮಂಡಿನೋವಿನ ಜೊತೆಗೆ ಉಸಿರಾಟದ ತೊಂದರೆಯೂ ಸೇರುತ್ತದೆ. ಅವಸರ ಮಾಡಬೇಡಿ ಅಣ್ಣ.


ನಿವೃತ್ತ ಇಂಜಿನಿಯರ್ (ಶಿವಮೊಗ್ಗ)

ನೆಲ ಬೆವರುವುದು ಎನ್ನುವ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಇವೆರಡನ್ನು ಬೇರ್ಪಡಿಸದೆ ಫೋಮ್ ಆರಿಸುವುದು ರೋಗ ತಿಳಿಯದೆ ಔಷಧ ಕೊಟ್ಟ ಹಾಗೆ.

ಮೊದಲನೆಯದು ಗಾಳಿಯ ತೇವ. ಮಳೆಗಾಲದಲ್ಲಿ ನಮ್ಮ ಕಡೆಯ ಗಾಳಿ ನೀರಾವಿಯಿಂದ ತುಂಬಿರುತ್ತದೆ. ಮಣ್ಣಿನ ಮೇಲೆ ಕೂತ ಗಾರೆಯ ನೆಲ ಕೋಣೆಯ ಗಾಳಿಗಿಂತ ತಣ್ಣಗಿರುತ್ತದೆ. ತಣ್ಣನೆಯ ನೀರು ತುಂಬಿದ ಚೊಂಬಿನ ಹೊರಮೈಯಲ್ಲಿ ಹನಿ ಕಟ್ಟುವಂತೆ ನೆಲದ ಮೇಲೂ ಕಟ್ಟುತ್ತದೆ. ಇಲ್ಲಿ ನೀರು ಬರುವುದು ಮೇಲಿನಿಂದ. ಎರಡನೆಯದು ಮಣ್ಣಿನ ತೇವ. ಎಪ್ಪತ್ತರ ದಶಕದಲ್ಲಿ ನಮ್ಮ ಭಾಗದ ಬಹುಪಾಲು ಮನೆಗಳಲ್ಲಿ ನೆಲದ ಕೆಳಗೆ ತೇವ ತಡೆಯುವ ಹಾಳೆ ಹಾಕುವ ಪದ್ಧತಿ ಇರಲಿಲ್ಲ. ಮಣ್ಣು ತುಂಬಿ, ಜಲ್ಲಿ ಹಾಕಿ ದಮ್ಮಸು ಮಾಡಿ, ಅದರ ಮೇಲೆ ಗಾರೆ ಎಳೆಯುತ್ತಿದ್ದರು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಗಾರೆ ಮಣ್ಣಿನ ನೀರನ್ನು ಎಳೆಯುತ್ತದೆ. ಸಾಮಾನ್ಯವಾಗಿ ಅದು ಮೇಲ್ಮೈಯಿಂದ ಆರಿಹೋಗುವುದರಿಂದ ನಮಗೆ ಕಾಣುವುದಿಲ್ಲ. ಮೇಲೆ ಏನಾದರೂ ಮುಚ್ಚಿದ ಕೂಡಲೇ ಆರುವ ದಾರಿ ತಪ್ಪಿ ಅಲ್ಲೇ ಕೂಡುತ್ತದೆ. ಕಡಲ ತಡಿಯವರ ಹಾಲ್‌ನಲ್ಲಿ ಆಗಿದ್ದು ಇದೇ ಇರಬೇಕು.

ಪರೀಕ್ಷೆ ಬಹಳ ಸರಳ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲ ಒರೆಸಿ ಒಣಗಿಸಿದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಅಗಲದ ಟೇಪ್ ಒತ್ತಿ ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು. ನೀವು ಮೂರು ದಿನ ಬಿಡಿ. ಹನಿ ಹಾಳೆಯ ಮೇಲಿದ್ದರೆ ಅದು ಗಾಳಿಯದ್ದು. ಹಾಳೆಯ ಕೆಳಮೈಯಲ್ಲಿದ್ದರೆ, ಅಥವಾ ಹಾಳೆಯಡಿಯ ನೆಲ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಅದು ಮಣ್ಣಿನದ್ದು. ಕೋಣೆಯ ಒಂದೇ ಕಡೆ ಮಾಡಬೇಡಿ. ಬರೆಯ ಕಡೆಯ ಗೋಡೆಯ ಬುಡದಲ್ಲಿ ಒಂದು, ನಡುವೆ ಒಂದು, ಬಾಗಿಲ ಬಳಿ ಒಂದು.

ಇನ್ನೊಂದು ಮಾತು. ಈ ಪರೀಕ್ಷೆಗೆ ಮಳೆಗಾಲವೇ ಸರಿಯಾದ ಕಾಲ. ಬೇಸಿಗೆಯಲ್ಲಿ ಅಂತರ್ಜಲ ಇಳಿದಿರುತ್ತದೆ, ಆಗ ನೋಡಿದರೆ ಎಲ್ಲ ನೆಲವೂ ಒಣಗಿದಂತೆಯೇ ಕಾಣುತ್ತದೆ. ಆ ನಂಬಿಕೆಯ ಮೇಲೆ ಹಾಸಿದ ನೆಲ ಮೊದಲ ಮಳೆಗಾಲವನ್ನೇ ದಾಟುವುದಿಲ್ಲ.


ಬೆಟ್ಟದ ಮನೆ

ಧನ್ಯವಾದಗಳು ಸರ್. ಇವತ್ತೇ ಮೂರೂ ಕಡೆ ಅಂಟಿಸಿದ್ದೇನೆ. ಹಾಗೆಯೇ ಅಮ್ಮನ ಕೋಣೆಗೆ ಹೊಂದಿಕೊಂಡ ಮುಂದಿನ ಕೋಣೆಯಲ್ಲೂ ಒಂದು ಹಾಕಿದೆ. ಏನು ಅಂಟಿಸುತ್ತಿದ್ದೀಯ ಎಂದು ಅಮ್ಮ ಕೇಳಿದರು. ನೆಲಕ್ಕೆ ಜ್ವರ ಇದೆಯೇ ನೋಡುತ್ತಿದ್ದೇನೆ ಎಂದೆ.

ಒಂದು ಸಂದೇಹ. ಬರೀ ಗಾಳಿಯ ತೇವವಾಗಿದ್ದರೆ ಲ್ಯಾಮಿನೇಟ್ ಹಾಕಿದ ಮೇಲೆ ಅದು ನಿಲ್ಲುತ್ತದೆಯೇ? ಬೆಚ್ಚಗಿರಬೇಕಾದರೆ ಫೋಮ್ ದಪ್ಪ ಇರಬೇಕಲ್ಲವೇ?


ನೆಕ್ಕರ್ ದಂಡೆ (ಸ್ಟುಟ್‌ಗಾರ್ಟ್)

ಇದಕ್ಕೆ ನಾನು ಉತ್ತರಿಸುತ್ತೇನೆ. ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿ ಬಾಡಿಗೆ ಮನೆಯ ನೆಲವನ್ನು ಜನ ತಾವೇ ಹಾಕಿಕೊಳ್ಳುತ್ತಾರೆ, ನಾನು ಮೂರು ಮನೆಗೆ ಹಾಕಿದ್ದೇನೆ. ಇಲ್ಲಿಯ ಫೋಮ್ ಕಟ್ಟಿನ ಮೇಲೆ ಸಂಖ್ಯೆಗಳ ಪಟ್ಟಿಯೇ ಇರುತ್ತದೆ. ಯುರೋಪಿನ ಇಎನ್ 16354 ಎಂಬ ಮಾನದಂಡದ ಪ್ರಕಾರ ಅಳೆದ ಸಂಖ್ಯೆಗಳು ಅವು. ಬೆಂಗಳೂರಿನಲ್ಲಿ ಆಮದು ಫೋಮ್ ಮಾರುವ ಕೆಲವು ಅಂಗಡಿಗಳಲ್ಲೂ ಈ ಪಟ್ಟಿ ನೋಡಿದ್ದೇನೆ.

ನಿಮಗೆ ಬೇಕಾದವು ಮೂರೇ. ಸಿಎಸ್ ಎಂಬುದು ಫೋಮ್ ಎಷ್ಟು ಒತ್ತಡ ತಾಳುತ್ತದೆ ಎನ್ನುವುದನ್ನು ಕಿಲೋಪಾಸ್ಕಲ್‌ನಲ್ಲಿ ಹೇಳುತ್ತದೆ. ಕನಿಷ್ಠ 10, ಒಳ್ಳೆಯದಕ್ಕೆ 60 ಮತ್ತು ಅದಕ್ಕಿಂತ ಹೆಚ್ಚು. ಹಲಗೆ ಕೆಲಸದವರ ಹೆಬ್ಬೆರಳಿನ ಪರೀಕ್ಷೆಯ ಲೆಕ್ಕದ ರೂಪ ಇದು. ಎಸ್‌ಡಿ ಎಂಬುದು ನೀರಾವಿಯನ್ನು ಎಷ್ಟು ತಡೆಯುತ್ತದೆ ಎನ್ನುವುದು. ಕಾಂಕ್ರೀಟ್, ಗಾರೆ, ಟೈಲ್ಸ್ ನೆಲದ ಮೇಲೆ ಇದು 75 ಮೀಟರ್ ಇರಲೇಬೇಕು. ಅಂದರೆ 75 ಮೀಟರ್ ದಪ್ಪದ ನಿಂತ ಗಾಳಿ ತಡೆಯುವಷ್ಟು ಆವಿಯನ್ನು ಆ ತೆಳು ಹಾಳೆ ತಡೆಯಬೇಕು. ಬರೀ ಬಿಳಿ ಫೋಮಿಗೆ ಈ ಶಕ್ತಿ ಇಲ್ಲ, ಅದಕ್ಕೇ ಕೆಳಗೆ ಪಾಲಿಥೀನ್ ಬೇಕು. ಮೂರನೆಯದು ಆರ್, ಶಾಖ ತಡೆಯುವ ಗುಣ.

ಈ ಮೂರನೆಯದರ ಬಗ್ಗೆ ನಾನೂ ಮೋಸಹೋಗಿದ್ದೆ. ಬೆಚ್ಚಗಿರಲೆಂದು 3 ಮಿ.ಮೀ. ಗಟ್ಟಿ ಪಾಲಿಸ್ಟೈರೀನ್ ಫೋಮಿನ ಎಕ್ಸ್‌ಪಿಎಸ್ ಹಾಸು ತಂದೆ. ನಮ್ಮ ಮನೆಯ ನೆಲದೊಳಗೆ ಬಿಸಿನೀರಿನ ಕೊಳವೆಗಳಿವೆ. ಅಂಥ ನೆಲದ ಮೇಲೆ ಹಾಸು ಮತ್ತು ಹಲಗೆ ಸೇರಿ ಆರ್ 0.15 ದಾಟಬಾರದು. ಲೆಕ್ಕ ಹಾಕಿದರೆ 8 ಮಿ.ಮೀ. ಲ್ಯಾಮಿನೇಟಿಗೆ ಸುಮಾರು 0.067, ಎಕ್ಸ್‌ಪಿಎಸ್‌ಗೆ ಸುಮಾರು 0.09. ಎರಡೂ ಸೇರಿ ಗಡಿ ದಾಟಿತು. ಬಿಸಿ ಕೆಳಗೇ ಉಳಿದು ಕೋಣೆ ತಣ್ಣಗಾಯಿತು. ಈಗ 2 ಮಿ.ಮೀ.ನ ಭಾರವಾದ ಖನಿಜ ಬೆರೆತ ಹಾಸು ಹಾಕಿದ್ದೇನೆ.

ನಿಮ್ಮ ಮನೆಯಲ್ಲಿ ಆ ಕೊಳವೆಗಳಿಲ್ಲ, ಆದ್ದರಿಂದ ಲೆಕ್ಕ ತಿರುಗುಮುರುಗಾಗುತ್ತದೆ: ಶಾಖವನ್ನು ತಡೆದಷ್ಟೂ ನಿಮಗೆ ಒಳ್ಳೆಯದು. ಆದರೂ ಹೆಚ್ಚಿನ ಲಾಭ ಹಲಗೆಯಿಂದಲೇ ಬಂದುಬಿಡುತ್ತದೆ. ಗಾರೆ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರದ ಪುಡಿಯ ಹಲಗೆ ನಿಧಾನವಾಗಿ ಎಳೆಯುತ್ತದೆ. ಅದರ ಕೆಳಗೆ 2 ಮಿ.ಮೀ. ಗಟ್ಟಿ ಫೋಮ್ ಇದ್ದರೂ 3 ಮಿ.ಮೀ. ಇದ್ದರೂ ತಾಯಿಯವರ ಪಾದಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ. ಹಲಗೆಯ ಮೇಲ್ಮೈ ಗಾರೆಗಿಂತ ಬೆಚ್ಚಗಿರುವುದರಿಂದ ಅದರ ಮೇಲೆ ಹನಿ ಕಟ್ಟುವುದೂ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ. ಲ್ಯಾಮಿನೇಟ್ ನೆಲ ಹುಟ್ಟಿದ್ದು 1977ರಲ್ಲಿ, ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿಯಲ್ಲಿ. ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಒಣಗಿ ತುಟಿ ಒಡೆಯುವ ದೇಶ ಅದು. ಕಟ್ಟಿನೊಳಗಿನ ಸೂಚನಾ ಪತ್ರದಲ್ಲಿ ಗಾಳಿಯ ತೇವಾಂಶ ಶೇ 40ರಿಂದ 60 ಇರಬೇಕು ಎಂಬಂಥ ಮಾತು ಇರುತ್ತದೆ. ಕೊಡಗಿನ ಜುಲೈ ತಿಂಗಳನ್ನು ಕಂಡವರು ಬರೆದ ಪತ್ರವಲ್ಲ ಅದು. ಕೆಳಗಿನ ತೇವವನ್ನು ಪಾಲಿಥೀನ್ ತಡೆದರೂ ಗಾಳಿಯ ತೇವಕ್ಕೆ ಹಲಗೆ ಹಿಗ್ಗಿಯೇ ಹಿಗ್ಗುತ್ತದೆ. ಗೋಡೆಯ ಸುತ್ತ ಬಿಡುವ ಸಂದಿನಲ್ಲಿ ಜಿಪುಣತನ ಮಾಡಬೇಡಿ.


ಐದನೇ ಮಹಡಿ (ಬೆಂಗಳೂರು)

ನಡುವೆ ಬಂದೆ, ಕ್ಷಮಿಸಿ. ನಮ್ಮ ಫ್ಲ್ಯಾಟ್‌ನಲ್ಲಿ ತೇವದ ಭಯವಿಲ್ಲ, ಸದ್ದಿನ ಭಯ. ವಿಟ್ರಿಫೈಡ್ ಟೈಲ್ಸ್ ಮೇಲೆ ಲ್ಯಾಮಿನೇಟ್ ಹಾಕಿಸಿ ಎಂಟು ತಿಂಗಳಾಯಿತು. ಮಗ ಓಡಾಡಿದರೆ ಕೋಣೆಯೇ ಚಂಡೆಯಂತೆ ಬಡಿಯುತ್ತದೆ. ಕೆಳಗಿನ ಮನೆಯ ಅಜ್ಜಿಗೆ ಮಧ್ಯಾಹ್ನ ಮಲಗಲು ಆಗುತ್ತಿಲ್ಲ. ಅವರು ಗಟ್ಟಿಯಾಗಿ ಒಂದು ಮಾತೂ ಆಡಿಲ್ಲ, ಅದೇ ನನಗೆ ಹೆಚ್ಚು ನೋವು. ಕಾರ್ಕ್ ಹಾಸಿದರೆ ಸರಿಹೋಗುತ್ತದೆಯೇ?


ಹಲಗೆ ಕೆಲಸ

ಮೇಡಂ, ನಿಮ್ಮ ಕೋಣೆಯೊಳಗೆ ಕೇಳುವ ಟಕ್ ಟಕ್ ಸದ್ದು ಒಂದು, ಕೆಳಗಿನ ಮನೆಗೆ ಇಳಿಯುವ ಧಬ್ ಧಬ್ ಇನ್ನೊಂದು. ಒಂದನ್ನು ಇಳಿಸುವ ಹಾಸು ಇನ್ನೊಂದನ್ನು ಇಳಿಸಲೇಬೇಕೆಂದಿಲ್ಲ. ಕಟ್ಟಿನ ಮೇಲಿನ ಐಎಸ್ ಸಂಖ್ಯೆ ಕೆಳಮನೆಯ ಸದ್ದಿನದ್ದು, ಆರ್‌ಡಬ್ಲ್ಯುಎಸ್ ನಿಮ್ಮ ಕೋಣೆಯದ್ದು. ಕೋಣೆಯೊಳಗಿನ ಟಕ್ ಟಕ್ ಕಡಿಮೆಯಾಗಲು ಹಾಸು ಭಾರವಾಗಿರಬೇಕು. ರಬ್ಬರ್ ಅಥವಾ ನೆಕ್ಕರ್ ದಂಡೆಯವರು ಹೇಳಿದಂಥ ಖನಿಜ ಬೆರೆತದ್ದು. ಹಗುರ ಫೋಮ್ ಮೇಲಿನ ಹಲಗೆ ನಗಾರಿಯ ಚರ್ಮವಿದ್ದಂತೆ. 2 ಅಥವಾ 3 ಮಿ.ಮೀ. ಗಟ್ಟಿ ಕಾರ್ಕ್ ಫೋಮಿಗಿಂತ ಮೇಲು, ಆದರೆ ಕಾರ್ಕ್ ಒಂದೇ ತೇವ ತಡೆಯುವುದಿಲ್ಲ.

ಹೊಸದನ್ನು ತರುವ ಮೊದಲು ಒಂದು ಕೆಲಸ ಮಾಡಿ. ಸ್ಕರ್ಟಿಂಗ್ ಪಟ್ಟಿ ಬಿಚ್ಚಿಸಿ ಹಲಗೆ ಎಲ್ಲಿಯಾದರೂ ಗೋಡೆಗೆ ತಾಗಿದೆಯೇ ನೋಡಿ. ಒಂದು ಕಡೆ ತಾಗಿದರೂ ಸದ್ದು ನೇರವಾಗಿ ಗೋಡೆಗೆ ಇಳಿದು ಕೆಳಗೆ ಹೋಗುತ್ತದೆ, ಎಂಥ ಹಾಸು ಹಾಕಿದರೂ ವ್ಯರ್ಥ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಕೆಲವೇ ಕಡೆ ಟೊಳ್ಳು ಸದ್ದು ಬಂದರೆ ಅಲ್ಲಿ ಕೆಳಗಿನ ನೆಲ ತಗ್ಗಾಗಿದೆ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಅದರ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ತಗ್ಗನ್ನು ಫೋಮಿನ ತುಂಡು ತುರುಕಿ ಮುಚ್ಚುವವರಿದ್ದಾರೆ, ಅದನ್ನು ಒಪ್ಪಬೇಡಿ. ಗೋಡೆಗೆ ಬಳಿಯುವ ಪುಟ್ಟಿಯೂ ಬೇಡ, ಅದು ಪುಡಿಯಾಗುತ್ತದೆ. ನೆಲ ಸಮ ಮಾಡುವ ಸಿಮೆಂಟ್ ಮಿಶ್ರಣವನ್ನೇ ಸುರಿದು, ಪೂರ್ತಿ ಒಣಗಿದ ಮೇಲೆ ಹಾಸಬೇಕು.

ಅಲ್ಲಿಯವರೆಗೆ ಮಗ ಆಡುವ ಜಾಗಕ್ಕೆ ದಪ್ಪ ಜಮಖಾನ ಹಾಸಿ. ಅಜ್ಜಿಗೆ ಇವತ್ತೇ ನಿದ್ದೆ ಬರಲಿ.


ಕೆಂಪು ನೆಲ (ಶಿರಸಿ)

ಇಷ್ಟೆಲ್ಲ ಓದಿದೆ. ನನ್ನ ಮಾತು ನಿಮಗೆ ಹಿಡಿಸದಿರಬಹುದು, ಆದರೂ ಹೇಳುತ್ತೇನೆ. ಐವತ್ತು ವರ್ಷ ದಾಟಿದ ಕೆಂಪು ಗಾರೆಯ ನೆಲವನ್ನು ಮುಚ್ಚಬೇಡಿ. ಆ ನೆಲ ಎಳೆಯುವ ಕೈ ಈಗ ಸಿಗುವುದಿಲ್ಲ. ಕರಣೆಯಿಂದ ಗಂಟೆಗಟ್ಟಲೆ ತೀಡಿ ಹೊಳಪು ತರುತ್ತಿದ್ದರು. ನಮ್ಮ ಮನೆಯದನ್ನು ಮಾಡಿದವರು ದಿನವಿಡೀ ಮಂಡಿಯೂರಿ ಹಿಂದೆ ಸರಿಯುತ್ತಾ ತೀಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಅದು ಮಿರುಗುತ್ತದೆ. ಲ್ಯಾಮಿನೇಟಿಗೆ ನೀರೇ ಶತ್ರು.


ಬೆಟ್ಟದ ಮನೆ

ನಿಮ್ಮ ಮಾತು ನನಗೆ ಹಿಡಿಸಿತು. ಆ ನೆಲದ ಮೇಲೆಯೇ ಅಂಬೆಗಾಲಿಟ್ಟು ಬೆಳೆದವನು ನಾನು. ಆದರೆ ಅಮ್ಮ ಜಾರಿದ್ದನ್ನು ನೋಡಿದ ಮೇಲೆ ನನಗೆ ನೆಲಕ್ಕಿಂತ ಅವರ ಪಾದ ಮುಖ್ಯವಾಗಿದೆ. ಅಂಟಿಸದೆ, ಮೊಳೆ ಹೊಡೆಯದೆ ಹಾಸಿದರೆ ಮುಂದೆ ಎತ್ತಿದಾಗ ಕೆಂಪು ನೆಲ ಇದ್ದಂತೆಯೇ ಸಿಗುತ್ತದೆಯಲ್ಲವೇ? ಅದನ್ನೊಂದು ಸಮಾಧಾನ ಎಂದುಕೊಂಡಿದ್ದೇನೆ.


ಹಳೆ ತೊಲೆ (ತೀರ್ಥಹಳ್ಳಿ)

ನಮ್ಮಲ್ಲಿ ಅಜ್ಜನ ಕಾಲದ ಮನೆ ಬಿಚ್ಚಿದಾಗ ಉಳಿದ ಸಾಗುವಾನಿ ಹಲಗೆಗಳಿವೆ, ಮುಕ್ಕಾಲು ಅಂಗುಲ ದಪ್ಪ. ಅವನ್ನು ಹೊಸ ಮನೆಯ ಮಹಡಿಯ ಕಾಂಕ್ರೀಟ್ ಮೇಲೆ ಇದೇ ಫೋಮ್ ಹಾಸಿ ಜೋಡಿಸಬಹುದೇ?


ಹಲಗೆ ಕೆಲಸ

ಬೇಡ ಅಣ್ಣ. ಗಟ್ಟಿ ಮರ ಫೋಮಿನ ಮೇಲೆ ಬಿಡಿಯಾಗಿ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ದೋಣಿಯಂತೆ ಬಾಗುತ್ತದೆ. ಕಾಂಕ್ರೀಟ್ ಮೇಲೆ ಪಾಲಿಥೀನ್ ಹಾಸಿ, ಗೆದ್ದಲು ಔಷಧ ಕುಡಿಸಿದ ರೀಪರುಗಳನ್ನು ಅಡಿಗೊಂದರಂತೆ ಕೂರಿಸಿ, ಅದಕ್ಕೆ ಹಲಗೆಯ ನಾಲಿಗೆಯಲ್ಲಿ ಓರೆಯಾಗಿ ಮೊಳೆ ಹೊಡೆಯಬೇಕು. ನಡುವೆ ಫೋಮಿಗೆ ಕೆಲಸವೇ ಇಲ್ಲ. ಹಲಗೆಯನ್ನು ಆ ಕೋಣೆಯಲ್ಲೇ ಕೆಲವು ವಾರ ಇಟ್ಟು ಹದಕ್ಕೆ ಬಂದ ಮೇಲೆ ಜೋಡಿಸಿ. ಹಳೆಯ ಕಾಲದಂತೆ ತೊಲೆಗಳ ಮೇಲಿನ ಹಲಗೆಯ ಅಟ್ಟವಾಗಿದ್ದರೆ ಪಾಲಿಥೀನ್ ಹಾಸಲೇಬೇಡಿ, ಮರಕ್ಕೆ ಕೆಳಗಿನಿಂದ ಉಸಿರಾಟ ಬೇಕು.


ಬೆಟ್ಟದ ಮನೆ (ನಾಲ್ಕು ದಿನಗಳ ನಂತರ)

ಹಾಳೆಗಳನ್ನು ಇವತ್ತು ಬೆಳಗ್ಗೆ ಎತ್ತಿದೆ. ಮೂರೂ ದಿನ ಮಳೆ ಬಿಟ್ಟಿರಲಿಲ್ಲ.

ಅಮ್ಮನ ಕೋಣೆಯಲ್ಲಿ ಬಾಗಿಲ ಬಳಿಯ ಹಾಳೆಯ ಮೇಲೆ ಹನಿ ಇತ್ತು, ಕೆಳಗೆ ಒಣಗಿತ್ತು. ನಡುವಿನ ಹಾಳೆಯ ಕೆಳಗೆ ತೆಳುವಾಗಿ ಮಂಜು ಮುಸುಕಿದಂತೆ ಕಂಡಿತು. ಬರೆಯ ಕಡೆಯ ಹಾಳೆ ಎತ್ತಿದಾಗ ನೀರು ಹರಿದು ನನ್ನ ಬೆರಳಿಗೆ ಬಂತು. ನೆಲ ಅಲ್ಲಿ ಚೌಕಾಕಾರವಾಗಿ ಕಪ್ಪಾಗಿದೆ. ಅಮ್ಮನ ಮಂಚ ಇಷ್ಟು ದಿನ ಇದ್ದದ್ದು ಅದೇ ಮೂಲೆಯಲ್ಲಿ. ಮುಂದಿನ ಕೋಣೆಯ ಹಾಳೆಯ ಕೆಳಗೆ ಮಾತ್ರ ಏನೂ ಇಲ್ಲ, ಗಾರೆಯ ಬಣ್ಣವೂ ಬದಲಾಗಿಲ್ಲ.

ಪಾಲಿಥೀನನ್ನೇ ಎರಡು ಪದರ ಹಾಕಿದರೆ ಹಿಂದಿನ ಕೋಣೆಗೆ ಲ್ಯಾಮಿನೇಟ್ ಹಾಕಬಹುದೇ?


ನಿವೃತ್ತ ಇಂಜಿನಿಯರ್

ಹಾಕಬಾರದು. ಪಾಲಿಥೀನ್ ಆವಿಯನ್ನು ತಡೆಯುತ್ತದೆ, ಹರಿಯುವ ನೀರನ್ನಲ್ಲ. ಹಾಳೆಯ ಕೆಳಗೆ ನೀರು ಕೂಡಿ ಗೋಡೆಯತ್ತ ಸರಿದು ಅಂಚಿನಿಂದ ಮೇಲೇಳುತ್ತದೆ, ಇಲ್ಲವೇ ಗೋಡೆಯೇ ಅದನ್ನು ಹೀರುತ್ತದೆ. ಆಗ ಗೋಡೆಯ ಬುಡದ ಗಿಲಾವು ಉದುರಲು ಶುರುವಾಗುತ್ತದೆ.

ಬರೆಯಿಂದ ಇಳಿದ ನೀರು ನಿಮ್ಮ ಹಿಂದಿನ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತಿದೆ. ಗೋಡೆಗೂ ಬರೆಗೂ ನಡುವೆ, ಕೋಣೆಯ ನೆಲಕ್ಕಿಂತ ಕೆಳಮಟ್ಟದಲ್ಲಿ ಚರಂಡಿ ತೋಡಿಸಿ. ತಳ ಒಂದೇ ಕಡೆಗೆ ಇಳಿಜಾರಾಗಿರಲಿ, ರಸಮಟ್ಟ ಇಟ್ಟು ನೋಡಿಯೇ ಮಾಡಿಸಿ. ಬರೆಯ ಬುಡ ಕಡಿಯುವಾಗ ಒಂದೇ ಸಲ ಉದ್ದಕ್ಕೂ ಕಡಿಯಬೇಡಿ. ಈ ಮಳೆಯಲ್ಲಿ ಅಗೆಯುವುದು ಅಪಾಯ, ಕುಸಿಯಬಹುದು. ಈಗ ಸದ್ಯಕ್ಕೆ ಅಲ್ಲಿ ತುಂಬಿಕೊಂಡಿರುವ ಕಸ, ಎಲೆ ತೆಗೆಸಿ ನೀರಿಗೆ ದಾರಿ ಮಾಡಿ, ತೋಡುವ ಕೆಲಸವನ್ನು ಮಳೆ ನಿಂತ ಮೇಲೆ ಹಿಡಿಯಿರಿ. ಮುಂದಿನ ವರ್ಷ ಇದೇ ತಿಂಗಳಲ್ಲಿ ಮತ್ತೊಮ್ಮೆ ಹಾಳೆ ಅಂಟಿಸಿ ನೋಡಿ.

ಗೆದ್ದಲಿನ ಮಾತೂ ಬರಲಿ. ತೇವವಿರುವ ಮಣ್ಣು, ಅದರ ಮೇಲೆ ಮರದ ಪುಡಿ ಎಂದರೆ ಗೆದ್ದಲಿಗೆ ಎಲೆ ಹಾಕಿ ಬಡಿಸಿದಂತೆ. ಕಟ್ಟಿ ಮುಗಿದ ಮನೆಗಳಿಗೆ ಗೆದ್ದಲು ತಡೆ ಮಾಡುವ ಕ್ರಮ ಭಾರತೀಯ ಮಾನದಂಡ ಐಎಸ್ 6313ರ ಮೂರನೆಯ ಭಾಗದಲ್ಲಿದೆ. ಕೆಲಸದವರನ್ನು ಕರೆಸಿದಾಗ ಅದರಂತೆ ಮಾಡಿ ಎಂದು ಕೇಳಿ. ಆ 5 ಮಿ.ಮೀ. ಮರದ ನಾರಿನ ಹಾಸನ್ನು ನಮ್ಮ ಮಲೆನಾಡಿನ ನೆಲಮಹಡಿಗೆ ಯಾರಿಗೂ ನಾನು ಹೇಳಲಾರೆ.


ಹಲಗೆ ಕೆಲಸ

ಸರ್, ಅಮ್ಮನವರನ್ನು ಮುಂದಿನ ಕೋಣೆಗೆ ಕರೆತರಲು ಆಗುವುದಿಲ್ಲವೇ? ಆ ನೆಲ ಕೆಳಗಿನಿಂದ ಒಣಗಿದೆ. ಅಲ್ಲಿಗೆ ಹಾಕಿಸಿ, ಹಿಂದಿನ ಕೋಣೆಯನ್ನು ಚರಂಡಿಯ ಕೆಲಸ ಆಗುವವರೆಗೆ ಬಿಡಿ.

ಹಾಕಿಸುವುದಾದರೆ ಹೀಗೆ. ಕನಿಷ್ಠ 200 ಮೈಕ್ರಾನ್ ಪಾಲಿಥೀನ್; ಅಂಗಡಿಯಲ್ಲಿ ಗೇಜ್ ಲೆಕ್ಕ ಹೇಳಿದರೆ 800 ಗೇಜ್ ಎಂದು ಕೇಳಿ. ಹಾಳೆಗಳು ಒಂದರ ಮೇಲೊಂದು 20 ಸೆಂಟಿಮೀಟರ್ ಕೂರಲಿ, ಸೇರುವಲ್ಲಿ ಉದ್ದಕ್ಕೂ ಟೇಪ್. ಗೋಡೆಯ ಬಳಿ ಎರಡು ಅಂಗುಲ ಮೇಲಕ್ಕೆ ಮಡಚಿ, ಸ್ಕರ್ಟಿಂಗ್ ಹಿಂದೆ ಬರುವಂತೆ ಕತ್ತರಿಸಲಿ. ಮುಂದಿನ ಕೋಣೆ ಒಣಗಿದ್ದರೂ ಇದನ್ನು ಬಿಡಬೇಡಿ. ಅದರ ಮೇಲೆ 2 ಮಿ.ಮೀ. ಗಟ್ಟಿ ಫೋಮ್, ಸಿಎಸ್ 60 ಇರುವುದು ಸಿಕ್ಕರೆ ಅದೇ. ಫೋಮಿನ ಪಟ್ಟಿಗಳು ಒಂದರ ಮೇಲೊಂದು ಬರಬಾರದು, ಅಂಚಿಗೆ ಅಂಚು ತಾಗಬೇಕು, ಅಲ್ಲೂ ಟೇಪ್. ಹಲಗೆಯ ಕಟ್ಟುಗಳನ್ನು ಬಿಚ್ಚದೆ ಎರಡು ದಿನ ಅದೇ ಕೋಣೆಯಲ್ಲಿ ಮಲಗಿಸಿಡಿ. ಗೋಡೆಯ ಸುತ್ತ 10 ಮಿ.ಮೀ. ಸಂದು ಎಂದು ಬರೆದಿರುತ್ತಾರೆ, ನಿಮ್ಮ ಊರಿಗೆ ನಾನು 12 ಬಿಡುತ್ತೇನೆ. ಬಾಗಿಲ ಚೌಕಟ್ಟಿನ ಬುಡವನ್ನೂ ಮರೆಯಬಾರದು, ಎಲ್ಲ ಕೆಲಸದವರೂ ತಪ್ಪುವುದು ಅಲ್ಲಿಯೇ. ಸ್ಕರ್ಟಿಂಗನ್ನು ಗೋಡೆಗೆ ಹೊಡೆಯಬೇಕು, ಹಲಗೆಗಲ್ಲ.

ಎಸ್‌ಪಿಸಿ ಹಲಗೆಯ ಬಗ್ಗೆಯೂ ಯಾರಾದರೂ ಹೇಳಬಹುದು. ಅದು ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿದ್ದು, ನೀರಿಗೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಮಂಗಳೂರಿನ ಅಕ್ಕನಂಥವರಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಪಾದಕ್ಕೆ ಲ್ಯಾಮಿನೇಟಿನಷ್ಟು ಬೆಚ್ಚಗಿರುವುದಿಲ್ಲ. ನೀವು ಇದನ್ನೆಲ್ಲ ಮಾಡುತ್ತಿರುವುದೇ ಅಮ್ಮನವರ ಪಾದಕ್ಕಾಗಿ.


ಕಡಲ ತಡಿ

ಒರೆಸುವವರಿಗೂ ಹೇಳಿಡಿ ಅಣ್ಣ. ಬಕೆಟ್ ನೀರು ಚೆಲ್ಲಿ ಒರೆಸುವ ರೂಢಿ ಬಿಡಬೇಕು. ಬಟ್ಟೆಯನ್ನು ಹನಿ ಬೀಳದಷ್ಟು ಗಟ್ಟಿಯಾಗಿ ಹಿಂಡಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.


ಬೆಟ್ಟದ ಮನೆ

ಅಮ್ಮನನ್ನು ಕೇಳಿದೆ. ಮುಂದಿನ ಕೋಣೆಗೆ ಬರಲು ಮೂರು ವರ್ಷದಿಂದ ಆಸೆ ಇತ್ತಂತೆ. ಕಿಟಕಿಯಿಂದ ರಸ್ತೆ ಕಾಣುತ್ತದೆ, ಹೋಗುವವರು ಬರುವವರನ್ನು ಮಾತನಾಡಿಸಬಹುದು ಎಂದರು. ನನ್ನ ಕಚೇರಿ ಕೆಲಸದ ಮೇಜು ಅಲ್ಲಿದ್ದುದರಿಂದ ಕೇಳಿರಲಿಲ್ಲವಂತೆ. ಮಂಚ ಇವತ್ತು ಸಂಜೆಯೇ ಬಂತು. ಮೇಜು ಮಹಡಿಗೆ ಹೋಯಿತು. ಸದ್ಯಕ್ಕೆ ಮಂಚದ ಪಕ್ಕ ಜಮಖಾನ ಹಾಸಿ, ಅದು ಜಾರದಂತೆ ಕೆಳಗೆ ರಬ್ಬರ್ ಜಾಲರಿ ಇಟ್ಟಿದ್ದೇನೆ.

ಲ್ಯಾಮಿನೇಟನ್ನು ಮಳೆ ನಿಂತ ಮೇಲೆ ಹಾಕಿಸುತ್ತೇನೆ, ಚರಂಡಿಯ ಕೆಲಸವೂ ಆಗಲೇ. ಹಿಂದಿನ ಕೋಣೆಯ ಕೆಂಪು ನೆಲ ಹಾಗೆಯೇ ಇರುತ್ತದೆ, ಶಿರಸಿಯವರಿಗೆ ಇದನ್ನು ತಿಳಿಸಲು ಸಂತೋಷ. ಕೊನೆಯದಾಗಿ ಒಂದು ಪ್ರಶ್ನೆ: ಹಲಗೆ 8, ಫೋಮ್ 2, ಒಟ್ಟು 10 ಮಿ.ಮೀ. ನೆಲ ಮೇಲೇರುತ್ತದೆ. ಬಾಗಿಲು ಈಗಲೇ ನೆಲಕ್ಕೆ ಉಜ್ಜುತ್ತಿದೆ. ಬಡಗಿಯವರು ನಾಳೆ ಬರುತ್ತಾರೆ, ಬುಡವನ್ನು ಎಷ್ಟು ಕೆತ್ತಿಸಲಿ?


ಹಲಗೆ ಕೆಲಸ

ನಾಳೆ ಕೆತ್ತಿಸಬೇಡಿ ಸರ್. ಈಗ ಬಾಗಿಲು ನೀರು ಕುಡಿದು ಉಬ್ಬಿದೆ. ಈಗಿನ ಅಳತೆಗೆ ಕೆತ್ತಿದರೆ ಬೇಸಿಗೆಯಲ್ಲಿ ಕೆಳಗೆ ಬೆರಳು ತೂರುವಷ್ಟು ಸಂದಾಗುತ್ತದೆ, ಅಮ್ಮನವರ ಕೋಣೆಗೆ ಅಲ್ಲಿಂದಲೇ ಚಳಿಗಾಳಿ ನುಗ್ಗುತ್ತದೆ. ನವೆಂಬರ್ ಬರಲಿ, ಬಾಗಿಲು ಒಣಗಲಿ. ಹಲಗೆ ಹಾಸುವ ಹಿಂದಿನ ದಿನ ಒಂದು ಹಲಗೆಯ ತುಂಡು, ಒಂದು ಫೋಮಿನ ತುಂಡು ಜೋಡಿಸಿ ಬಾಗಿಲ ಬುಡಕ್ಕೆ ಒತ್ತಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆಸಿ. ಗೆರೆಯ ಮೇಲೆ 4 ಮಿ.ಮೀ. ಬಿಟ್ಟು ಕತ್ತರಿಸಿ, ಕತ್ತರಿಸಿದ ಬುಡಕ್ಕೆ ಅವತ್ತೇ ವಾರ್ನಿಷ್ ಬಳಿಸಿ. ಬರೆ ಗಟ್ಟಿಯಾದ ಮೇಲೆ ಕರೆಯಿರಿ, ಕೆಲಸಕ್ಕೆ ನಾನೇ ಬರುತ್ತೇನೆ.